ನೆಲೆ ಬದಲಿಸಿದ ರೈತ: ಮ್ಯಾನಿಟೋಬದ ಮೆನ್ನೊನೈಟರು ಮತ್ತು ಆಯನೂರು ಸೀಮೆಯ ಮುಳುಗಡೆ ಕುಟುಂಬಗಳು

೧

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರು ಒಂದು ಹೋಬಳಿಯ ಕೇಂದ್ರ. ಇಲ್ಲಿಂದ ಒಂದು ದಾರಿ ಕುಂಸಿ, ಆನಂದಪುರಗಳ ಮೂಲಕ ಸಾಗರಕ್ಕೂ, ಮತ್ತೊಂದು ರಿಪ್ಪನ್‌ಪೇಟೆಯ ಮೂಲಕ ಹೊಸನಗರಕ್ಕೂ ಸಾಗುತ್ತವೆ. ಬಯಲು ಮುಗಿದು ಮಲೆನಾಡು ಮೊದಲಾಗುವ ಈ ಅರೆಮಲೆನಾಡಿನ ಕಾಡಂಚಿನಲ್ಲಿ, ಹಳೆಯ ಊರುಗಳ ನಡುನಡುವೆ, ಸುಮಾರು ಅರವತ್ತು ವರ್ಷ ವಯಸ್ಸಿನ ಕೆಲವು ಊರುಗಳಿವೆ. ಅವುಗಳಲ್ಲಿ ವಾಸಿಸುವ ಅನೇಕ ಕುಟುಂಬಗಳ ಪೂರ್ವಿಕರು ಶರಾವತಿ ಕಣಿವೆಯಿಂದ ಬಂದವರು. ಈ ಲೇಖಕನು ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಮನೆತನದ ಮೂಲ ಊರಿನ ಹೆಸರನ್ನು ಬರೆದು ಕೊಡುವಂತೆ ಹೇಳಿದಾಗ, ಕೆಲವರು ಬರೆದ ಹೆಸರುಗಳು ಇಂದಿನ ಯಾವ ಬಸ್ಸಿನ ಫಲಕದಲ್ಲಿಯೂ ಕಾಣಸಿಗದವಾಗಿದ್ದುವು. ಆ ಊರುಗಳು ಲಿಂಗನಮಕ್ಕಿಯ ನೀರಿನ ಅಡಿಯಲ್ಲಿವೆ.

ಒಂದು ನೆಲದಿಂದ ಕಿತ್ತುಬಂದ ರೈತನು ಇನ್ನೊಂದು ನೆಲವನ್ನು ತನ್ನದಾಗಿ ಮಾಡಿಕೊಳ್ಳುವುದು ಹೇಗೆ? ಕಾಡು ಕಡಿದು ಉತ್ತು ಬಿತ್ತಿದ ಮಾತ್ರಕ್ಕೆ ನೆಲ ಅವನದಾಗುತ್ತದೆಯೆ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ಅನುಭವವೊಂದನ್ನೇ ಆಧಾರವಾಗಿಟ್ಟುಕೊಂಡರೆ ಉತ್ತರ ಅಪೂರ್ಣವಾಗುವ ಸಂಭವವುಂಟು. ಆದಕಾರಣ ಪ್ರಸ್ತುತ ಲೇಖನದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ದೂರದೇಶದ ಇನ್ನೊಂದು ರೈತ ಸಮುದಾಯವನ್ನು, ಎಂದರೆ ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ಹುಲ್ಲುಬಯಲಿನಲ್ಲಿ ನೆಲೆಸಿದ ಮೆನ್ನೊನೈಟರನ್ನು, ಮೊದಲು ಪರಿಚಯಿಸಿ, ಬಳಿಕ ನಮ್ಮವರ ಸಂಗತಿಗೆ ಬರಲಾಗಿದೆ. ಒಬ್ಬರು ಮತಶ್ರದ್ಧೆಗಾಗಿ ತಾವಾಗಿಯೇ ಹೊರಟವರು; ಇನ್ನೊಬ್ಬರು ನೀರು ಏರಿದುದರಿಂದ ಹೊರಡಬೇಕಾದವರು. ಈ ಭೇದವನ್ನು ಮರೆಯದೆ ಹೋಲಿಸಿದರೆ, ಇಬ್ಬರ ಚರಿತ್ರೆಯೂ ಒಂದೇ ಸ್ಥಾನದಲ್ಲಿ ತೊಡಕಿಗೆ ಸಿಕ್ಕುವುದನ್ನು ಕಾಣಬಹುದಾಗಿದೆ. ಆ ಸ್ಥಾನವನ್ನು ಗುರುತಿಸುವುದೇ ಈ ಲೇಖನದ ಉದ್ದೇಶ.

೨

ಮೆನ್ನೊನೈಟರೆಂಬ ಹೆಸರು ಮೆನ್ನೊ ಸೈಮನ್ಸ್ ಎಂಬ ಡಚ್ ಧರ್ಮಬೋಧಕನಿಂದ ಬಂದುದು. ಅವನ ಕಾಲ ಕ್ರಿ. ಶ. ೧೪೯೬ರಿಂದ ೧೫೬೧. ಮಗುವಿಗಲ್ಲದೆ ತಿಳಿವಳಿಕೆ ಬಂದ ವಯಸ್ಕನಿಗೆ ಮಾತ್ರ ದೀಕ್ಷಾಸ್ನಾನ, ಆಯುಧ ಹಿಡಿಯದಿರುವುದು, ಆಣೆ ಇಡದಿರುವುದು, ಇವು ಈ ಪಂಥದ ಮುಖ್ಯ ನಿಯಮಗಳು. ಸೈನ್ಯಕ್ಕೆ ಸೇರಲೊಪ್ಪದ ಪ್ರಜೆಯನ್ನು ಸಹಿಸುವ ಅರಸರು ಆ ಕಾಲದ ಯೂರೋಪಿನಲ್ಲಿ ವಿರಳ. ಆದುದರಿಂದ ಈ ಜನ ಪೀಳಿಗೆಯಿಂದ ಪೀಳಿಗೆಗೆ ಸ್ಥಳ ಬದಲಿಸುತ್ತಲೇ ಬಂದರು. ಹಾಲೆಂಡಿನ ಕಡೆಯಿಂದ ವಿಸ್ಟುಲಾ ನದಿಯ ಮುಖಜ ಭೂಮಿಗೆ ಹೋಗಿ ಅಲ್ಲಿಯ ಜೌಗನ್ನು ಬರಿದುಮಾಡಿ ಬೇಸಾಯಕ್ಕೆ ತಂದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ರಷ್ಯದ ರಾಣಿ ಎರಡನೆಯ ಕ್ಯಾಥರೀನಳು ಹೊರದೇಶದ ರೈತರನ್ನು ಆಹ್ವಾನಿಸಿದಾಗ, ಅವರಲ್ಲಿ ಹಲವರು ಇಂದಿನ ಯುಕ್ರೇನಿಗೆ ಹೊರಟರು. ೧೭೮೯ರಲ್ಲಿ ಖೋರ್ಟಿಟ್ಸ, ೧೮೦೪ರಲ್ಲಿ ಮೊಲೊಚ್ನ ಎಂಬ ನೆಲಸುನಾಡುಗಳು ಸ್ಥಾಪಿತವಾದುವು.

ಅಲ್ಲಿ ಅವರಿಗೆ ದೊರೆತುದು ಮರವಿಲ್ಲದ ಹುಲ್ಲುಗಾಡು. ಯೊಹಾನ್ ಕೊರ್ನೀಸ್ (೧೭೮೯–೧೮೪೮) ಎಂಬ ಮುಖಂಡನ ಕಾಲದಲ್ಲಿ ಬೆಳೆಯ ಸರದಿ, ಹೊಲವನ್ನು ಒಂದು ವರ್ಷ ಬೀಳುಬಿಟ್ಟು ತೇವ ಉಳಿಸುವುದು, ಸಾಲುಮರ ಬೆಳೆಸುವುದು ಮೊದಲಾದ ಕ್ರಮಗಳು ರೂಢಿಗೆ ಬಂದುವು. ಸೈನ್ಯಸೇವೆಯಿಂದ ವಿನಾಯಿತಿ, ತಮ್ಮದೇ ಶಾಲೆ, ತಮ್ಮದೇ ಗ್ರಾಮಾಡಳಿತ ಇವುಗಳನ್ನು ಚಕ್ರವರ್ತಿಯ ಸನ್ನದು ಖಾತರಿಗೊಳಿಸಿತ್ತು. ೧೮೭೦ರ ಸುಮಾರಿಗೆ ರಷ್ಯವು ಎಲ್ಲ ಪ್ರಜೆಗಳಿಗೂ ಸೈನ್ಯಸೇವೆಯನ್ನು ಕಡ್ಡಾಯಗೊಳಿಸಲು ಹೊರಟಾಗ ಆ ಸನ್ನದು ಅಲುಗಾಡಿತು. ಜನ ಮತ್ತೆ ಗಂಟು ಕಟ್ಟಿದರು.

ಆದರೆ ಅವರು ಹೊರಟ ರೀತಿ ಗಮನಾರ್ಹವಾದುದು. ೧೮೭೩ರಲ್ಲಿ ಹನ್ನೆರಡು ಜನ ಪ್ರತಿನಿಧಿಗಳು ಉತ್ತರ ಅಮೆರಿಕಕ್ಕೆ ಹೋಗಿ ನೆಲವನ್ನು ಕಣ್ಣಾರೆ ಕಂಡು, ಮಣ್ಣನ್ನು ಪರೀಕ್ಷಿಸಿ, ಸರ್ಕಾರಗಳೊಡನೆ ಮಾತುಕತೆ ನಡೆಸಿದರು. ಕೆನಡಾದ ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋ ಎಂಬಾತನು ಆ ವರ್ಷದ ಜುಲೈ ತಿಂಗಳಲ್ಲಿ ಅವರಿಗೆ ಒಂದು ಪತ್ರವನ್ನು ಬರೆದುಕೊಟ್ಟನು. ಸೈನ್ಯಸೇವೆಯಿಂದ ಪೂರ್ಣ ವಿನಾಯಿತಿ, ಅವರಿಗೆಂದೇ ಕಾದಿರಿಸಿದ ಭೂಪ್ರದೇಶ, ವಯಸ್ಕರಿಗೆ ತಲಾ ೧೬೦ ಎಕರೆ ಉಚಿತ ಭೂಮಿ, ಯಾವ ಅಡ್ಡಿಯೂ ಇಲ್ಲದೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕು, ಇವು ಅದರಲ್ಲಿದ್ದ ಮುಖ್ಯ ಭರವಸೆಗಳು. ಪ್ರತಿನಿಧಿಗಳು ಆ ಪತ್ರವನ್ನು ಜೋಪಾನವಾಗಿ ಊರಿಗೆ ಒಯ್ದರು. ಅದರ ಬಲದ ಮೇಲೆ ೧೮೭೪ರಿಂದ ೧೮೮೦ರವರೆಗೆ ಸುಮಾರು ಏಳು ಸಾವಿರ ಜನ ಮ್ಯಾನಿಟೋಬಕ್ಕೆ ಬಂದರು. ಇನ್ನೂ ಹೆಚ್ಚಿನವರು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾನ್ಸಸ್, ನೆಬ್ರಾಸ್ಕ ಮುಂತಾದ ಕಡೆ ನೆಲೆಸಿದರು.

೩

ಹುಲ್ಲುಬಯಲಿಗೆ ಬಂದ ರೈತನ ಮೊದಲ ವರ್ಷಗಳು ಕಠಿಣವಾಗಿದ್ದುವು. ಕಟ್ಟಡಕ್ಕೆ ಮರ ದುರ್ಲಭವಾದ ಕಡೆ ನೆಲವನ್ನು ಅರ್ಧ ಅಗೆದು, ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳಿಂದ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿದ ಗುಡಿಸಲನ್ನು ಕಟ್ಟಿಕೊಂಡನು. ಅವರ ಮಾತಿನಲ್ಲಿ ಇದಕ್ಕೆ ‘ಸೆಮ್ಲಿನ್’ ಎಂದು ಹೆಸರು. ಮನುಷ್ಯರೂ ದನಗಳೂ ಒಂದೇ ಸೂರಿನ ಅಡಿಯಲ್ಲಿ ಚಳಿಗಾಲವನ್ನು ಕಳೆದರು. ಆ ಚಳಿಯಲ್ಲಿ ಉಷ್ಣಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಸೌದೆಯಿಲ್ಲದ ನಾಡಿನಲ್ಲಿ ಮನೆಯ ನಡುವೆ ಇಟ್ಟಿಗೆಯ ದೊಡ್ಡ ಒಲೆ ಹಾಕಿ, ಹುಲ್ಲನ್ನೂ ಒಣಗಿಸಿದ ಸಗಣಿಯ ಇಟ್ಟಿಗೆಗಳನ್ನೂ ಉರಿಸಿದರು. ಬೆರಣಿಯ ಉಪಯೋಗವನ್ನು ಬಲ್ಲ ನಮ್ಮ ಬಯಲುಸೀಮೆಯವರಿಗೆ ಇದು ವಿಚಿತ್ರವಾಗಿ ತೋರದು. ಮೊದಲ ಬೆಳೆಗಳನ್ನು ಮಿಡತೆಗಳ ಹಿಂಡು ತಿಂದುಹಾಕಿತು. ಆಗ ಒಂಟಾರಿಯೊ ಪ್ರಾಂತ್ಯದಲ್ಲಿ ಮೊದಲೇ ನೆಲೆಸಿದ್ದ ಸಮಾನ ಪಂಥದವರು ಜಾಮೀನು ನಿಂತು ಸರ್ಕಾರದಿಂದ ಸಾಲ ಕೊಡಿಸಿದರು; ಆ ಸಾಲ ಮುಂದೆ ತೀರಿತು.

ಮರವಿಲ್ಲದ ಬಯಲು ಬೇಸಾಯಕ್ಕೆ ಒದಗದೆಂದು ಇತರ ವಲಸೆಗಾರರು ನದಿಯ ದಂಡೆಗಳಿಗೆ ಅಂಟಿಕೊಂಡಿದ್ದರು. ಮೆನ್ನೊನೈಟ್ ರೈತನಿಗೆ ಅದೇ ಬಯಲು ಪರಿಚಿತವಾಗಿ ಕಂಡಿತು. ಯುಕ್ರೇನಿನಲ್ಲಿ ಎರಡು ಮೂರು ತಲೆಮಾರು ಅಂಥದೇ ನೆಲವನ್ನು ಉತ್ತ ಅನುಭವ ಅವನ ಕೈಯಲ್ಲಿತ್ತು. ಗೋಧಿ, ಓಟ್ಸ್, ಬಾರ್ಲಿ, ಅಗಸೆ ಇವನ್ನು ಬಿತ್ತಿದನು. ಗಾಳಿಯನ್ನು ತಡೆಯಲು ಬೀದಿಯ ಎರಡು ಕಡೆಗೂ ಮರ ನೆಟ್ಟನು. ಹಳೆಯ ನೆಲದ ವಿದ್ಯೆ ಹೊಸ ನೆಲದಲ್ಲಿ ಕೆಲಸಕ್ಕೆ ಬಂದುದು ಅವನ ಪುಣ್ಯವೆಂದೇ ಹೇಳಬೇಕು.

ಅವನ ಎರಡನೆಯ ಬಲ ಊರು. ಕೆನಡಾದ ಭೂಶಾಸನವು ಪ್ರತಿಯೊಬ್ಬನೂ ತನ್ನ ೧೬೦ ಎಕರೆಯ ಚೌಕದಲ್ಲಿಯೇ ಮನೆ ಕಟ್ಟಿ ವಾಸಿಸಬೇಕೆಂದು ವಿಧಿಸಿತ್ತು. ಮೆನ್ನೊನೈಟರು ಹಾಗೆ ಚದರಲೊಪ್ಪಲಿಲ್ಲ. ಒಂದು ಉದ್ದನೆಯ ಬೀದಿ, ಅದರ ಇಕ್ಕೆಲಗಳಲ್ಲಿ ಮನೆ, ಮನೆಗೆ ಹೊಂದಿಕೊಂಡೇ ಕೊಟ್ಟಿಗೆ, ಊರ ಹೊರಗೆ ಪಟ್ಟೆ ಪಟ್ಟೆಯಾಗಿ ಹಂಚಿಕೊಂಡ ಹೊಲ, ಎಲ್ಲರಿಗೂ ಸೇರಿದ ಗೋಮಾಳ: ಈ ಕ್ರಮದಲ್ಲಿ ಹಳ್ಳಿಗಳನ್ನು ಕಟ್ಟಿದರು. ೧೮೭೬ರಲ್ಲಿ ಕಾನೂನೇ ತಿದ್ದುಪಡಿಯಾಗಿ ಇಂಥ ಹಳ್ಳಿಗಳಿಗೆ ಅವಕಾಶ ದೊರೆಯಿತು. ಅದೇ ವರ್ಷ ಹುಟ್ಟಿದ ನಾಯ್‌ಬರ್ಗ್‌ಥಾಲ್ ಎಂಬ ಹಳ್ಳಿಯನ್ನು ಈಗ ಕೆನಡಾ ಸರ್ಕಾರ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಕಾಪಾಡಿಕೊಂಡಿದೆ.

ಮೂರನೆಯ ಬಲ ‘ವೈಸನಾಮ್ಟ್’ ಎಂಬ ಸಂಸ್ಥೆ. ಅನಾಥರ ಕಚೇರಿ ಎಂದು ಇದರ ಅರ್ಥ. ಮನೆಯ ಯಜಮಾನ ಅಥವಾ ಯಜಮಾನಿ ತೀರಿಕೊಂಡರೆ ಆಸ್ತಿಯನ್ನು ಲೆಕ್ಕ ಹಾಕಿ, ಅರ್ಧವನ್ನು ಉಳಿದ ಸಂಗಾತಿಗೂ ಉಳಿದರ್ಧವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಹಂಚಿ, ಅಪ್ರಾಪ್ತವಯಸ್ಕರ ಪಾಲಿನ ಹಣವನ್ನು ಈ ಕಚೇರಿ ನಿರ್ವಹಿಸುತ್ತಿತ್ತು. ಆ ಹಣವನ್ನೇ ರೈತರಿಗೆ ಬಡ್ಡಿಯ ಮೇಲೆ ಸಾಲ ಕೊಡುತ್ತಿದ್ದುದರಿಂದ ಬ್ಯಾಂಕಿಲ್ಲದ ನಾಡಿನಲ್ಲಿ ಅದೇ ಬ್ಯಾಂಕಾಯಿತು. ಬೆಂಕಿಯ ಅನಾಹುತಕ್ಕೆ ಪರಸ್ಪರ ವಿಮೆಯ ಏರ್ಪಾಡೂ ಇತ್ತು. ಹೀಗೆ ಬಂದವರು ಕೇವಲ ಕುಟುಂಬಗಳಾಗಿ ಬರಲಿಲ್ಲ. ಊರು, ಶಾಲೆ, ಕಚೇರಿ ಸಮೇತ ಬಂದರು.

೪

ಇಷ್ಟು ಭದ್ರವಾಗಿ ಕಟ್ಟಿದ ಜೀವನವೂ ಎರಡು ಕಡೆ ಬಿರುಕು ಬಿಟ್ಟಿತು. ಮೊದಲನೆಯದು ಒಳಗಿನ ಬಿರುಕು. ಭೂಮಿಯ ಪತ್ರ ಸರ್ಕಾರದಿಂದ ಬಂದುದು ಒಬ್ಬೊಬ್ಬನ ಹೆಸರಿಗೆ. ಹೊಲಗಳನ್ನು ಒಟ್ಟುಗೂಡಿಸಿ ಹಂಚಿಕೊಂಡುದು ಊರವರ ಪರಸ್ಪರ ಒಪ್ಪಂದದಿಂದ. ರೈಲು ಬಂದು ಗೋಧಿಗೆ ಪೇಟೆ ದೊರೆತ ಮೇಲೆ, ಕೆಲವರು ಒಪ್ಪಂದವನ್ನು ಬಿಟ್ಟು ಪತ್ರದಲ್ಲಿರುವ ತಮ್ಮ ಚೌಕವನ್ನು ಕೇಳಿದರು. ಕಾನೂನು ಪತ್ರದ ಪರವಾಗಿತ್ತು. ಹಲವು ಹಳ್ಳಿಗಳು ಈ ರೀತಿ ಚದರಿಹೋದುವು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಕೆನಡಾದ ೧೮೬೭ರ ಸಂವಿಧಾನ ಶಾಸನದ ಪ್ರಕಾರ ಶಿಕ್ಷಣವು ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಶಾಲೆಯ ಬಗ್ಗೆ ಲೋ ಕೊಟ್ಟ ಭರವಸೆ ಕೇಂದ್ರ ಸರ್ಕಾರದ್ದು. ೧೮೭೩ರ ಆಗಸ್ಟಿನಲ್ಲಿ ಹೊರಟ ಸರ್ಕಾರದ ಆಜ್ಞೆಯಲ್ಲಿ ಆ ಭರವಸೆಯ ಜೊತೆಗೆ ಕಾನೂನಿನಲ್ಲಿ ಅವಕಾಶವಿರುವಷ್ಟು ಎಂಬ ಅರ್ಥದ ಮಾತು ಸೇರಿಹೋಗಿತ್ತು. ವಲಸೆ ಬಂದವರು ನಂಬಿದುದು ಪತ್ರವನ್ನು. ನ್ಯಾಯಾಲಯ ಮುಂದೆ ನೋಡಿದುದು ಆಜ್ಞೆಯನ್ನು. ೧೯೧೬ರಲ್ಲಿ ಮ್ಯಾನಿಟೋಬ ಪ್ರಾಂತ್ಯವು ಇಂಗ್ಲಿಷ್ ಮಾಧ್ಯಮವನ್ನೂ ಶಾಲಾ ಹಾಜರಿಯನ್ನೂ ಕಡ್ಡಾಯಗೊಳಿಸಿತು. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸದ ತಂದೆಯರಿಗೆ ದಂಡ ಬಿದ್ದಿತು. ೧೯೧೯ರಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯವು, ಕೇಂದ್ರವು ತನ್ನದಲ್ಲದ ಅಧಿಕಾರದ ವಿಷಯದಲ್ಲಿ ಕೊಟ್ಟ ಮಾತು ಪ್ರಾಂತ್ಯವನ್ನು ಕಟ್ಟಿಹಾಕದೆಂದು ತೀರ್ಮಾನಿಸಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಮೇಲ್ಮನವಿಗೆ ಅನುಮತಿ ಕೊಡಲಿಲ್ಲ. ೧೯೨೨ರಿಂದ ಮೊದಲ್ಗೊಂಡು ಕೆಲವೇ ವರ್ಷಗಳಲ್ಲಿ ಸಾವಿರಾರು ಸಂಪ್ರದಾಯನಿಷ್ಠರು ಮ್ಯಾನಿಟೋಬ ಮತ್ತು ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯಗಳನ್ನು ಬಿಟ್ಟು ಮೆಕ್ಸಿಕೋ ದೇಶಕ್ಕೂ, ಅನಂತರ ಪರಾಗ್ವೆಗೂ ಹೊರಟುಹೋದರು. ಹೊರಡುವ ಮುನ್ನ ಮೆಕ್ಸಿಕೋದ ರಾಷ್ಟ್ರಾಧ್ಯಕ್ಷನಿಂದ ಹೊಸದೊಂದು ಸನ್ನದನ್ನು ಪಡೆಯುವುದನ್ನು ಅವರು ಮರೆಯಲಿಲ್ಲ.

ಮಾತು ಕೊಟ್ಟವನಿಗೆ ಆ ಮಾತು ಕೊಡುವ ಅಧಿಕಾರ ಪೂರ್ಣವಾಗಿ ಇರಲಿಲ್ಲವೆಂಬುದು ಐವತ್ತು ವರ್ಷಗಳ ಬಳಿಕ, ಹೊಲ ತೋಟ ಊರುಗಳೆಲ್ಲ ಸಿದ್ಧವಾದ ಮೇಲೆ ತಿಳಿಯಿತು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ಕಣಿವೆಗೆ ಬರೋಣ.

೫

ಶರಾವತಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಕಾರ್ಯ ಜೋಗದಲ್ಲಿ ೧೯೩೯ರಲ್ಲಿ ಆರಂಭವಾಗಿ ೧೯೪೮ರಲ್ಲಿ ಫಲಿಸಿತು. ಇದಕ್ಕೆ ನೀರು ಒದಗಿಸಿದುದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಮೊದಲ ಮುಳುಗಡೆ ಆಗಲೇ ಆಯಿತು. ಅನಂತರ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಹಿರೇಭಾಸ್ಕರವನ್ನೇ ತನ್ನ ಜಲಾಶಯದೊಳಕ್ಕೆ ಎಳೆದುಕೊಂಡಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಆ ಹಳೆಯ ಕಟ್ಟು ಇಂದಿಗೂ ತಲೆಯೆತ್ತುವುದನ್ನು ಕಾಣಬಹುದು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸುಮಾರು ೩೦೦ ಚದರ ಕಿಲೋಮೀಟರ್ ಪ್ರದೇಶ ನೀರಿನಲ್ಲಿ ಮರೆಯಾಯಿತು. ಹಿನ್ನೀರಿನ ಆಚೆಗೆ ಉಳಿದ ತುಮರಿಯ ಸುತ್ತಣ ಊರುಗಳು ದ್ವೀಪದಂತಾದುವು. ಲಾಂಚನ್ನೇ ನೆಚ್ಚಿದ್ದ ಆ ಜನರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ದೊರೆತುದು ೨೦೨೫ರ ಜುಲೈಯಲ್ಲಿ.

ಮುಳುಗಿದ ಕಣಿವೆಯ ಬೇಸಾಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ತಗ್ಗಿನಲ್ಲಿ ಬತ್ತದ ಗದ್ದೆ, ಅದರ ಮೇಲಕ್ಕೆ ನೀರಿನ ಆಸರೆಯಲ್ಲಿ ಅಡಿಕೆ ತೋಟ, ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಸೊಪ್ಪಿನಬೆಟ್ಟ, ದನಗಳಿಗೆ ಬ್ಯಾಣ: ಇವೆಲ್ಲ ಕೂಡಿ ಒಂದು ಒಕ್ಕಲುತನ. ಇವುಗಳಲ್ಲಿ ಯಾವುದೊಂದನ್ನು ತೆಗೆದರೂ ಉಳಿದುದು ಕುಂಟುತ್ತದೆ. ಅಡಿಕೆಯ ಸಸಿ ನೆಟ್ಟರೆ ಮೊದಲ ಫಸಲಿಗೇ ಆರೇಳು ವರ್ಷ ಕಾಯಬೇಕು. ಆದುದರಿಂದ ತೋಟವೆಂಬುದು ಒಂದು ತಲೆಮಾರಿನವರು ಮುಂದಿನವರಿಗೆ ಮಾಡಿಡುವ ಗಳಿಕೆ.

ಗದ್ದೆ ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಗೇಣಿದಾರರು. ಭೂಮಿ ಒಡೆಯರ ಹೆಸರಿನಲ್ಲಿತ್ತು. ೧೯೫೧ರಲ್ಲಿ ಸಾಗರದ ಸಮೀಪದ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹ, ಅದರಲ್ಲಿ ಪಾಲ್ಗೊಳ್ಳಲು ಬಂದ ರಾಮಮನೋಹರ ಲೋಹಿಯಾ ಅವರ ಬಂಧನ, ಇವು ವಾಚಕರಿಗೆ ವಿದಿತವಾದ ಸಂಗತಿಗಳು. ಉಳುವವನನ್ನು ಒಡೆಯನನ್ನಾಗಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದುದು ೧೯೭೪ರಲ್ಲಿ. ಎಂದರೆ ಕಣಿವೆ ಮುಳುಗಿ ಹತ್ತು ವರ್ಷಗಳಾದ ಮೇಲೆ. ದಡದ ಮೇಲೆ ಉಳಿದ ಗೇಣಿದಾರನು ಆ ಶಾಸನದಿಂದ ಭೂಮಿಯನ್ನು ಪಡೆದನು. ನೀರಿನ ಅಡಿಯಲ್ಲಿ ಗೇಣಿ ಮಾಡುತ್ತಿದ್ದವನಿಗೆ ಅರ್ಜಿ ಹಾಕಲು ನೆಲವೇ ಇರಲಿಲ್ಲ. ದಾಖಲೆಯಲ್ಲಿ ಹೆಸರಿಲ್ಲದವನ ಈ ಸ್ಥಿತಿ ಹೊಸ ಜಾಗದಲ್ಲಿಯೂ ಅವನನ್ನು ಹಿಂಬಾಲಿಸಿತು.

೬

ನೀರು ಏರುವ ಮುನ್ನ ಸಾವಿರಾರು ಕುಟುಂಬಗಳು ಮನೆಯ ತೊಲೆ, ಬಾಗಿಲು, ಹೆಂಚುಗಳನ್ನು ಬಿಚ್ಚಿ, ಪಾತ್ರೆ ಪಡಗ ದನಕರುಗಳೊಡನೆ ಲಾರಿ ಗಾಡಿಗಳಲ್ಲಿ ಹೊರಟುವು. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕಾಡಿನ ಅಂಚುಗಳಲ್ಲಿ ಅವರಿಗೆ ಜಾಗ ತೋರಿಸಲಾಯಿತು. ಮೆನ್ನೊನೈಟರಂತೆ ಹನ್ನೆರಡು ಪ್ರತಿನಿಧಿಗಳನ್ನು ಮುಂದಾಗಿ ಕಳುಹಿಸಿ ಮಣ್ಣನ್ನು ಪರೀಕ್ಷಿಸುವ ಅವಕಾಶ ಇವರಿಗಿರಲಿಲ್ಲ. ಒಂದೇ ಊರಿನವರು ಬೇರೆ ಬೇರೆ ತಾಲ್ಲೂಕುಗಳಿಗೆ ಹಂಚಿಹೋದರು. ಊರದೇವರ ಹಬ್ಬ, ಸುಗ್ಗಿಯ ಮುಯ್ಯಾಳು, ಕಷ್ಟಕಾಲದ ಕೈಸಾಲ ಇವುಗಳನ್ನು ನಡೆಸುತ್ತಿದ್ದ ನೆರೆಹೊರೆ ಇದರಿಂದ ಒಡೆಯಿತು. ಅಲ್ಲಿಯ ಅನಾಥರ ಕಚೇರಿಯಂಥ ಲಿಖಿತ ಸಂಸ್ಥೆ ನಮ್ಮಲ್ಲಿರಲಿಲ್ಲವಾದರೂ, ಅದರ ಕೆಲಸವನ್ನು ಮಾಡುತ್ತಿದ್ದುದು ಈ ನೆರೆಹೊರೆಯೇ.

ದೂರ ಕೆಲವೇ ಹತ್ತು ಮೈಲಿಗಳಾದರೂ ನೆಲದ ಗುಣ ಬೇರೆಯಾಗಿತ್ತು. ಆಯನೂರು ಸೀಮೆಯ ಮಳೆ ಶರಾವತಿ ಕಣಿವೆಯ ಮಳೆಗಿಂತ ಬಹಳ ಕಡಿಮೆ. ಸೊಪ್ಪಿನಬೆಟ್ಟದ ಹಕ್ಕು ಹೊಸ ಜಾಗಕ್ಕೆ ಜೊತೆಯಾಗಿ ಬರಲಿಲ್ಲ. ಕಾಡು ಕಡಿದು, ಬೇರು ಕಿತ್ತು, ಆನೆ ಹಂದಿಗಳನ್ನು ಕಾದು, ಗದ್ದೆಯನ್ನು ಮಾಡಿಕೊಳ್ಳಲು ವರ್ಷಗಳೇ ಹಿಡಿದುವು. ಹುಲ್ಲುಬಯಲಿನಲ್ಲಿ ಮೆನ್ನೊನೈಟ್ ರೈತನ ಹಳೆಯ ವಿದ್ಯೆ ಒದಗಿದಂತೆ ಇಲ್ಲಿ ಕಣಿವೆಯ ರೈತನ ವಿದ್ಯೆ ಪೂರ್ಣವಾಗಿ ಒದಗಲಿಲ್ಲ. ಅವನು ಅರ್ಧವನ್ನು ಹೊಸದಾಗಿ ಕಲಿತನು. ಇಂದು ಆ ಭೂಮಿಯಲ್ಲಿ ಬತ್ತ, ಅಡಿಕೆಗಳ ಜೊತೆಗೆ ಮೆಕ್ಕೆಜೋಳ, ಶುಂಠಿಗಳೂ ಬೆಳೆಯುತ್ತಿವೆ. ಬೇಸಾಯಗಾರನಾಗಿ ಅವನು ಸೋತನೆಂದು ಯಾರೂ ಹೇಳಲಾರರು.

ಸೋಲು ಬೇರೊಂದು ಕಡೆಯಿಂದ ಬಂದಿತು. ಕೊಟ್ಟ ಜಾಗಗಳಲ್ಲಿ ಬಹುಭಾಗ ಕಾಯ್ದಿರಿಸಿದ ಅರಣ್ಯ. ಪುನರ್ವಸತಿಗೆಂದು ಬಿಟ್ಟುಕೊಡುವ ಆದೇಶಗಳು ಹೊರಟುವು. ಆದರೆ ಆ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ವಿಧಿಪೂರ್ವಕವಾಗಿ ಕೈಬಿಡುವ ಅಧಿಸೂಚನೆಗಳು ಅನೇಕ ಕಡೆ ಹೊರಡಲಿಲ್ಲ. ಹೀಗೆ ನೆಲದ ಮೇಲೆ ಹೊಲವಾದುದು ಕಾಗದದ ಮೇಲೆ ಕಾಡಾಗಿಯೇ ಉಳಿಯಿತು. ೧೯೭೪ರಲ್ಲಿ ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯ ಘೋಷಿತವಾದಾಗ ಮುಳುಗಡೆಯವರ ಕೆಲವು ಊರುಗಳು ಅದರ ಎಲ್ಲೆಯೊಳಗೆ ಸೇರಿಹೋದುವು. ವಿದ್ಯುತ್ತಿಗಾಗಿ ಊರು ಬಿಟ್ಟ ಜನರು ಅಲ್ಲಿ ವಿದ್ಯುತ್ತಿನ ತಂತಿಗಾಗಿ ದಶಕಗಳ ಕಾಲ ಕಾಯಬೇಕಾಯಿತು.

೧೯೮೦ರ ಅರಣ್ಯ ಸಂರಕ್ಷಣಾ ಶಾಸನವು ಈ ಲೋಪವನ್ನು ತೊಡಕನ್ನಾಗಿ ಮಾರ್ಪಡಿಸಿತು. ಅಂದಿನಿಂದ ಕಾಯ್ದಿರಿಸಿದ ಅರಣ್ಯವನ್ನು ಪಟ್ಟಿಯಿಂದ ಕೈಬಿಡಲು ರಾಜ್ಯ ಸರ್ಕಾರಕ್ಕೆ ಕೇಂದ್ರದ ಪೂರ್ವಾನುಮತಿ ಬೇಕು. ೧೯೭೯ರವರೆಗೆ ಒಂದು ಸಹಿಯಿಂದ ಮುಗಿಯಬಹುದಾಗಿದ್ದ ಕೆಲಸ ಆಮೇಲೆ ಎರಡು ಸರ್ಕಾರಗಳ ನಡುವಣ ವ್ಯವಹಾರವಾಯಿತು. ೨೦೦೬ರ ಅರಣ್ಯ ಹಕ್ಕು ಶಾಸನವೂ ಇವರಿಗೆ ನೆರವಾಗಲಿಲ್ಲ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ೨೦೦೫ರ ಡಿಸೆಂಬರಿಗೆ ಹಿಂದಿನ ಮೂರು ತಲೆಮಾರು, ಎಂದರೆ ೭೫ ವರ್ಷಗಳ ವಾಸವನ್ನು ತೋರಿಸಬೇಕೆಂದು ಅದರ ನಿಯಮ. ೧೯೬೦ರ ಆಸುಪಾಸಿನಲ್ಲಿ ಸರ್ಕಾರವೇ ಕರೆತಂದು ಇಳಿಸಿದವರು ೧೯೩೦ರಿಂದ ಅಲ್ಲಿದ್ದೆವೆಂದು ಹೇಗೆ ತೋರಿಸಿಯಾರು? ಈಚಿನ ದಶಕದಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕೈಬಿಡುವಿಕೆಯ ಅಧಿಸೂಚನೆಗಳು, ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣದಿಂದ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ೨೦೨೧ರಲ್ಲಿ ಅವನ್ನು ಸರ್ಕಾರ ಹಿಂತೆಗೆದುಕೊಂಡಿತು. ೨೦೨೨ರ ನವೆಂಬರಿನಲ್ಲಿ ಈ ವಿಷಯವನ್ನು ಮುಂದಿಟ್ಟುಕೊಂಡು ಆಯನೂರಿನಿಂದಲೇ ಶಿವಮೊಗ್ಗಕ್ಕೆ ಪಾದಯಾತ್ರೆ ಹೊರಟಿತು.

ಪಹಣಿಯಲ್ಲಿ ಹೆಸರಿಲ್ಲದ ರೈತನ ನಿತ್ಯಜೀವನವನ್ನು ಊಹಿಸುವುದು ಕಷ್ಟವಲ್ಲ. ಬ್ಯಾಂಕು ಆ ಭೂಮಿಯ ಮೇಲೆ ಬೆಳೆಸಾಲ ಕೊಡದು. ಅಣ್ಣತಮ್ಮಂದಿರು ಪಾಲಾದರೆ ಪಾಲುಪತ್ರವನ್ನು ನೋಂದಾಯಿಸುವಂತಿಲ್ಲ. ಬೆಳೆ ಹಾಳಾದರೆ ಪರಿಹಾರದ ಅರ್ಜಿಗೆ ಲಗತ್ತಿಸಲು ಕಾಗದವಿಲ್ಲ. ಕಾಡು ಕಡಿದ ತಾತ, ಗದ್ದೆ ಮಾಡಿದ ತಂದೆ, ತೋಟ ನೆಟ್ಟ ಮಗ, ಮೂವರೂ ಕಾನೂನಿನ ದೃಷ್ಟಿಯಲ್ಲಿ ಒತ್ತುವರಿದಾರರೇ.

೭

ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಮೊದಲನೆಯದಾಗಿ, ಎರಡು ಕಡೆಗಳಲ್ಲಿಯೂ ರೈತನು ನೆಲವನ್ನು ಪಳಗಿಸಿದನು. ಶ್ರಮದ ಕೊರತೆಯಿಂದ ಯಾರೂ ಸೋಲಲಿಲ್ಲ. ಎರಡನೆಯದಾಗಿ, ಎರಡು ಕಡೆಗಳಲ್ಲಿಯೂ ತೊಡಕು ಹುಟ್ಟಿದುದು ಭರವಸೆಗೂ ಅಧಿಕಾರಕ್ಕೂ ನಡುವೆ ಇದ್ದ ಬಿಡುವಿನಲ್ಲಿ. ಕೆನಡಾದಲ್ಲಿ ಕೇಂದ್ರವು ಪ್ರಾಂತ್ಯದ ವಿಷಯದಲ್ಲಿ ಮಾತು ಕೊಟ್ಟಿತು. ನಮ್ಮಲ್ಲಿ ರಾಜ್ಯವು ತನ್ನ ಅಧಿಕಾರವಿದ್ದಾಗ ಮಾತನ್ನು ದಾಖಲೆಗೆ ಇಳಿಸಲಿಲ್ಲ. ಇಳಿಸಹೊರಟಾಗ ಅಧಿಕಾರ ಕೇಂದ್ರದ ಕೈಗೆ ಹೋಗಿತ್ತು. ಮೂರನೆಯದಾಗಿ, ತೊಡಕು ಬಂದಾಗ ಮೆನ್ನೊನೈಟರಿಗೆ ತಮ್ಮದೇ ಊರು, ಕಚೇರಿ, ಉಳಿತಾಯಗಳಿದ್ದುವು. ಒಪ್ಪದವರು ಭೂಮಿಯನ್ನು ಮಾರಿ ಒಟ್ಟಾಗಿ ಹೊರಡಬಲ್ಲವರಾಗಿದ್ದರು. ಮುಳುಗಡೆಯ ರೈತನು ಹೊರಡುವುದಾದರೂ ಎಲ್ಲಿಗೆ? ತನ್ನ ಹೆಸರಿನಲ್ಲಿಲ್ಲದ ಭೂಮಿಯನ್ನು ಮಾರುವುದಾದರೂ ಹೇಗೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ‘ಖಾಲಿ ನೆಲ’ವೆಂಬುದು ಎರಡು ಕಡೆಯೂ ಪೂರ್ತಿ ನಿಜವಲ್ಲ. ಮ್ಯಾನಿಟೋಬದ ಆ ಬಯಲು ಮೂಲನಿವಾಸಿಗಳದಾಗಿತ್ತು. ಅನಿಶಿನಾಬೆ ಮತ್ತು ಕ್ರೀ ಜನರೊಡನೆ ೧೮೭೧ರಲ್ಲಿ ಒಂದು ಒಡಂಬಡಿಕೆಯಾದ ಮೂರೇ ವರ್ಷಗಳಲ್ಲಿ ಮೆನ್ನೊನೈಟರು ಅಲ್ಲಿಗೆ ಬಂದರು. ಆಯನೂರು ಸೀಮೆಯ ಕಾಡೂ ಆನೆ ಕಾಟಿಗಳ ನೆಲೆ, ಅಕ್ಕಪಕ್ಕದ ಊರವರ ಸೌದೆ ಸೊಪ್ಪಿನ ಆಸರೆ. ಅರಣ್ಯವನ್ನು ಉಳಿಸಬೇಕೆನ್ನುವ ಶಾಸನಕ್ಕೆ ಬಲವಾದ ಕಾರಣಗಳಿವೆ. ಆದರೆ ಸ್ವಂತ ಲೋಭದಿಂದ ಕಾಡಿಗೆ ನುಗ್ಗಿದವನನ್ನೂ, ನಾಡಿಗೆ ಬೆಳಕು ಬರಲೆಂದು ಊರನ್ನು ಬಿಟ್ಟುಕೊಟ್ಟು ಸರ್ಕಾರ ತೋರಿಸಿದ ಜಾಗದಲ್ಲಿ ಇಳಿದವನನ್ನೂ ಒಂದೇ ಹೆಸರಿನಿಂದ ಕರೆಯುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಈ ಭೇದವನ್ನು ಸ್ಥಾಪಿಸಬಲ್ಲದ್ದು ದಾಖಲೆ ಮತ್ತು ನೆನಪು.

ಈ ದೃಷ್ಟಿಯಿಂದ ನಮ್ಮ ವಿಭಾಗದ ಮುಂದೆ ಒಂದು ಕೆಲಸವಿದೆ. ಮುಳುಗಡೆಯ ಅನುಭವವನ್ನು ಕನ್ನಡ ಸಾಹಿತ್ಯವು, ವಿಶೇಷವಾಗಿ ಸಾಗರದ ನಾ. ಡಿಸೋಜರ ಬರವಣಿಗೆಯು, ಮರೆಯದಂತೆ ದಾಖಲಿಸಿದೆ. ಚರಿತ್ರೆಯ ವಿದ್ಯಾರ್ಥಿಗಳು ಮಾಡಬೇಕಾದುದು ಅದಕ್ಕಿಂತ ಒಣ ಕೆಲಸ: ಯಾವ ಮುಳುಗಿದ ಊರಿನಿಂದ ಯಾವ ಕುಟುಂಬ ಯಾವ ವರ್ಷ ಎಲ್ಲಿಗೆ ಬಂದಿತು, ಯಾವ ಆದೇಶದ ಮೇಲೆ ಬಂದಿತು, ಆ ಆದೇಶದ ಪ್ರತಿ ಯಾರ ಪೆಟ್ಟಿಗೆಯಲ್ಲಿದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವುದು. ೧೯೬೪ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಮುಂದಿನ ಬೇಸಗೆಯ ರಜೆಯಲ್ಲಿ ಆಯನೂರು ಮತ್ತು ಕುಂಸಿ ಹೋಬಳಿಗಳಿಂದ ಈ ಕೆಲಸವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ.